ಹದಿನೇಳನೇ ಟ್ಯೂಬು

ನಾಲ್ಕು ಸಲ ಎಣಿಸಿದೆ. ನಾಲ್ಕು ಸಲವೂ ಹೆಚ್ಚೇ ಬಂತು. ಐದನೇ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಡಾಕ್ಟರು ಹಿಂದಿನಿಂದ, "ಏನಮ್ಮಾ, ಕಾಲು ಸುಟ್ಟ ಬೆಕ್ಕಿನ ಹಾಗೆ ಆಡ್ತಿದ್ದೀಯ? ಮತ್ತೆ ಮತ್ತೆ ಎಣಿಸಿದ್ರೆ ಕಮ್ಮಿ ಆಗತ್ತಾ?" ಎಂದರು.

ಆಗಲಿ ಎಂದೇ ಎಣಿಸುತ್ತಿದ್ದೆ. ನಮ್ಮ ಲ್ಯಾಬಿನ ರಕ್ತದ ಟ್ಯೂಬುಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ಹದಿನೇಳನೆಯದಕ್ಕೆ ರಕ್ತ ತೆಗೆದವಳೇ ನಾನು. ಅದು ನನ್ನ ತಂಗಿಯದು. ಅವಳು ದರ್ಜಿ. ಇಸ್ತ್ರಿಪೆಟ್ಟಿಗೆಯ ಆವಿ ಬಲಗೈಗೆ ಹೊಡೆದು ಎರಡು ವಾರವಾಗಿತ್ತು.

ಸುಟ್ಟ ಜಾಗಕ್ಕೆ ರಕ್ತದಿಂದಲೇ ಒಂದು ಬಗೆಯ ಜೀವಕೋಶಗಳು ಹೋಗಿ ಸೇರುತ್ತವೆ. ನಾನು ಎಣಿಸುತ್ತಿದ್ದದ್ದು ಅವನ್ನೇ. ಗಾಯ ಮುಚ್ಚಲು ಅವೂ ಬೇಕು. ಆದರೆ ನೆರವಿಗೆ ಬಂದ ನೆಂಟರು ಅಲ್ಲೇ ಬಿಡಾರ ಹೂಡಿದರೆ? ನಾರು ಕಟ್ಟಿ, ಚರ್ಮ ಗಡಸಾಗಿಸಿ, ಬೆರಳನ್ನು ಅಂಗೈಗೆ ಎಳೆದುಬಿಡುತ್ತವೆ. ಇವು ಹೆಚ್ಚಿದ್ದವರ ಕಲೆ ದಪ್ಪವಾಗುತ್ತದೆ ಎಂಬುದು ಡಾಕ್ಟರ ಗುಮಾನಿ. ಇನ್ನೂ ಗುಮಾನಿಯಷ್ಟೇ ಆದ್ದರಿಂದ ರೋಗಿಗಳಿಗೆ ಲೆಕ್ಕ ಹೇಳಬಾರದೆಂದು ಕಟ್ಟಪ್ಪಣೆ.

ಸಂಜೆ ವಾರ್ಡಿನಲ್ಲಿ ತಂಗಿ ಕೇಳಿದಳು: "ಅಕ್ಕಾ, ನನ್ನ ರಕ್ತ ಹೇಗಿದೆ?"

ಹೇಳುವಂತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಹಾಳು ಬಾಯಿ! "ಫಸ್ಟ್ ಕ್ಲಾಸಾಗಿದೆ ಕಣೇ. ಕೈ ಮೊದಲಿನ ಹಾಗೇ ಆಗತ್ತೆ" ಎಂದುಬಿಟ್ಟೆ. ಅವಳು ಅಂದೇ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ತಂಗಿ ಮನೆಗೆ ಹೋಗುವಾಗ, ಕಲೆ ದಪ್ಪವಾಗದಂತೆ ಒತ್ತಿ ಹಿಡಿಯುವ ಬಿಗಿ ಕೈಗವಸು ಕೊಟ್ಟರು. ಸ್ನಾನಕ್ಕೆ ಬಿಟ್ಟರೆ ಹಗಲೂ ರಾತ್ರಿ, ಒಂದು ವರ್ಷ ಹಾಕಬೇಕು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಫೋನು ಮಾಡುತ್ತಿದ್ದೆ. ಊಟ ಆಯ್ತಾ, ನಿದ್ದೆ ಬಂತಾ ಎಂದು ಕೇಳಿದೆನೇ ಹೊರತು ಕೈಗವಸಿನ ಮಾತೆತ್ತಲಿಲ್ಲ. ಎತ್ತಿದರೆ ನನ್ನ ದನಿ ಗುಟ್ಟು ಬಿಟ್ಟುಕೊಡುತ್ತದೆಂಬ ಭಯ.

ಮೂರು ತಿಂಗಳಿಗೆ ತಪಾಸಣೆಗೆ ಬಂದಳು. ಡಾಕ್ಟರು ಮೇಜಿನ ಮೇಲಿದ್ದ ಕತ್ತರಿ ಕೊಟ್ಟರು. ಹೆಬ್ಬೆರಳು ಅದರ ಹಿಡಿಯೊಳಗೆ ಹೋಗಲೇ ಇಲ್ಲ. ಕಿರುಬೆರಳು ಅಂಗೈಗೆ ಅಂಟಿತ್ತು.

"ಕೈಗವಸು ಹಾಕಿಲ್ವಾ?"

"ಹತ್ತು ದಿನ ಹಾಕ್ದೆ ಡಾಕ್ಟ್ರೇ. ನವೆ ತಡೆಯಕ್ಕಾಗ್ಲಿಲ್ಲ. ಹೇಗೂ ರಕ್ತ ಚೆನ್ನಾಗಿದೆ ಅಂತ ಅಕ್ಕ ಹೇಳಿದ್ಲಲ್ಲ, ತೆಗೆದಿಟ್ಟೆ."

ಡಾಕ್ಟರು ನನ್ನತ್ತ ನೋಡಿದರು. ನೆಲ ಬಾಯಿಬಿಡಬಾರದೇ ಎನಿಸಿತು. ತೊದಲುತ್ತಲೇ ಎಲ್ಲ ಹೇಳಿದೆ: ಕಲೆ ಗಡಸಾಗಿಸುವ ಜೀವಕೋಶಗಳ ಲೆಕ್ಕ ಹೆಚ್ಚಿತ್ತು, ನಾನು ಸುಳ್ಳು ಹೇಳಿದೆ. ತಂಗಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಕುಯ್ದು ಬಿಡಿಸಬಹುದು" ಎಂದರು ಡಾಕ್ಟರು. "ಅದಕ್ಕೆ ಮೊದಲು ಇನ್ನೊಂದು ಸಲ ರಕ್ತ ನೋಡೋಣ."

"ಕುಯ್ದ ಜಾಗಕ್ಕೂ ಅವು ಬರ್ತಾವಾ?" ಎಂದು ತಂಗಿ ನನ್ನನ್ನೇ ಕೇಳಿದಳು.

"ಬರ್ತಾವೆ."

ಅವಳು ಅಂಗಿಯ ಎಡತೋಳು ಮೇಲಕ್ಕೆ ಮಡಚಿ ಕೈಯನ್ನು ನನ್ನ ಮುಂದೆ ಚಾಚಿದಳು. "ತಗೋ. ನಿನ್ನ ಕೈ ಮೃದು, ನೋವಾಗಲ್ಲ. ಎಣಿಸೋಕೆ ಮಾತ್ರ ಬೇರೆ ಯಾರನ್ನಾದ್ರೂ ಕೂರಿಸು."