ಹಿನ್ನರ್ಕ್ ಮಾಮನಿಗೆ ಕುರ್ಚಿ ಹಾಕಿದ ದಿನ

ನಮ್ಮ ಆರು ಕೋಣೆಗಳ ಅತಿಥಿಗೃಹದ ಕೀಲಿ ಗೊಂಚಲು ನನ್ನ ಕೈಗೆ ಬಂದು ಮೂರು ತಿಂಗಳಾಗಿತ್ತಷ್ಟೆ. "ಹಳೇ ಗಿರಾಕಿ ಒಬ್ಬನೇ ಒಬ್ಬ ಎದುರು ಮನೆ ಅತಿಥಿಗೃಹದ ಪಾಲಾದ್ರೂ ಗೊಂಚಲು ವಾಪಸ್ ಕೊಡ್ಬೇಕು, ಬುರ್ಗಿ," ಎಂದಿದ್ದರು ಜೆಂಟ್ಸಿ ಅತ್ತೆ. ಅವರು ಆಡಿದರೆ ಆಡಿದ್ದೇ.

ಆಗಸ್ಟ್ ಬಂತು, ಹಿನ್ನರ್ಕ್ ಮಾಮ ಬಂದರು. ಸಮುದ್ರದ ಕಡೆಯ ನಿವೃತ್ತ ಅಂಚೆಯವರು. ನಮ್ಮ ಟಿರೋಲ್ ಬೆಟ್ಟದಲ್ಲಿ ಇದು ಅವರ ಇಪ್ಪತ್ತೈದನೇ ಬೇಸಿಗೆ, ಅದೇ ನಾಲ್ಕನೇ ಕೋಣೆ. ಇಪ್ಪತ್ತೈದು ವರ್ಷವೆಂದರೆ ಹುಡುಗಾಟವೇ? ಟೊಂಕ ಕಟ್ಟಿ ನಿಂತೆ. ಹೊಸ ಹಾಸಿಗೆ ಹಾಕಿಸಿದೆ, ಊಟದ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜಿಗೆ ಹೂ ಇಟ್ಟೆ.

ಮರುದಿನ ಒಣಹುಲ್ಲು ಒಟ್ಟುವ ಕೆಲಸ. ಪ್ರತಿ ವರ್ಷದಂತೆ ಮಾಮ ಅಂಗಿಯ ತೋಳು ಮಡಚಿ, ಹುಲ್ಲು ಬಾಚುವ ಕೋಲಿಗೆ ಕೈ ಹಾಕಿದರು. ನಾನು ಕಸಿದುಕೊಂಡೆ.

"ಅಯ್ಯೋ, ಬೇಡಿ ಮಾಮ! ಈ ಸಲ ಸುಮ್ನೆ ಕೂತ್ಕೊಂಡು ನೋಡಿ. ಕೇಕ್ ತರ್ತೀನಿ."

ಸೇಬಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ಕೇಕನ್ನು ಅವರು ಮುಟ್ಟಲಿಲ್ಲ. ಮಧ್ಯಾಹ್ನ ನೋಡುತ್ತೇನೆ, ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಾರೆ!

"ಏನಾಯ್ತು ಮಾಮ? ಹಾಸಿಗೆ ಸರಿ ಇಲ್ವಾ?"

"ಎಲ್ಲಾ ಚೆನ್ನಾಗಿದೆಯಮ್ಮ. ಆದ್ರೆ ಅತಿಥಿ ಥರ ಕೂರೋದೇ ಆದ್ರೆ ಎದುರು ಮನೇಲಿ ಈಜುಕೊಳಾನೂ ಇದೆ."

ಗೊಂಚಲು ಕೈತಪ್ಪಿತು ಎಂದುಕೊಂಡೆ. ಹಿಂದೆಯೇ ಸಿಟ್ಟೂ ನೆತ್ತಿಗೇರಿತು. ರಾಜೋಪಚಾರ ಮಾಡಿದ್ದಕ್ಕೆ ಇದೇ ಬಹುಮಾನವೇ? ಅಷ್ಟರಲ್ಲಿ ಪಶ್ಚಿಮದ ಶಿಖರ ಕಪ್ಪಾಯಿತು, ಗುಡುಗಿತು. ಹುಲ್ಲೆಲ್ಲ ಇನ್ನೂ ಇಳಿಜಾರಿನಲ್ಲೇ ಬಿದ್ದಿತ್ತು. ಗೋಡೆಗೆ ಒರಗಿಸಿದ್ದ ಅವರ ಕೋಲು ಕಣ್ಣಿಗೆ ಬಿತ್ತು. ಇಪ್ಪತ್ನಾಲ್ಕು ಬೇಸಿಗೆ ಅವರ ಅಂಗೈ ತಿಕ್ಕಿ ಅದರ ಹಿಡಿ ನುಣುಪಾಗಿತ್ತು. ಆಗ ನನ್ನ ಮಂದಬುದ್ಧಿಗೆ ಬೆಳಕು ಹರಿಯಿತು.

"ಎಲ್ಲಿಗ್ ಹೊರಟ್ರಿ?" ಎಂದು ಬಾಯಿ ಮಾಡಿದೆ. "ಹುಲ್ಲು ನೆನೆದ್ರೆ ಚಳಿಗಾಲದಲ್ಲಿ ಹಸುಗಳಿಗೆ ನಿಮ್ ಪೆಟ್ಟಿಗೆ ತಿನ್ನಿಸ್ಲಾ? ಹಿಡೀರಿ ಕೋಲು!"

ಮಾಮ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೇ ಬಿಟ್ಟು ಓಡಿದರು. ಅವರ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಕೊನೆಯ ಹೊರೆ ಕೊಟ್ಟಿಗೆ ಸೇರಿದ ಮೇಲೆಯೇ ಮಳೆ ಸುರಿಯಿತು.

ಊಟಕ್ಕೆ ಅವರು ಕಿಟಕಿ ಮೇಜಿನತ್ತ ತಿರುಗಿಯೂ ನೋಡಲಿಲ್ಲ. ಸೀದಾ ಅಡುಗೆಮನೆಗೆ ಬಂದು, ನಮ್ಮ ಬೆಂಚಿನಲ್ಲಿ ಅತ್ತೆಯ ಪಕ್ಕ ಒತ್ತಿಕೊಂಡು ಕೂತು, ಎಲ್ಲರೂ ತಿನ್ನುವ ಬಾಣಲೆಗೇ ಚಮಚ ಹಾಕಿದರು.

"ಆಲೂಗಡ್ಡೆಗೆ ಉಪ್ಪೇ ಇಲ್ಲ."

"ಕೈ ಇಲ್ವಾ? ಎದ್ದು ಹಾಕ್ಕೊಳ್ಳಿ," ಎಂದೆ.

ಅವರು ಎದ್ದರು. ಹುಡುಕಲೂ ಇಲ್ಲ, ಬಾಗಿಲ ಹಿಂದಿನ ಗೂಡಿನಿಂದ ಉಪ್ಪು ತೆಗೆದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅತ್ತೆ ನನ್ನ ಸೊಂಟದ ಗೊಂಚಲನ್ನೊಮ್ಮೆ ನೋಡಿದರು.

"ಅದು ಅಲ್ಲೇ ಇರ್ಲಿ. ನಾಳೆ ಐದಕ್ಕೇ ಇವನನ್ನ ಎಬ್ಬಿಸು, ಮೇಲಿನ ಇಳಿಜಾರಿನ ಹುಲ್ಲು ಕೊಯ್ಯೋದು ಬಾಕಿ ಇದೆ."