ಶುಕ್ರವಾರವೇ ಹೊರಟ ನಾಯಿ

ನನ್ನ ಯಜಮಾನರು ಬದರಿನಾಥರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗೆಜೆಟೆಡ್ ಅಧಿಕಾರಿ. ಜನ ತಂದ ಅರ್ಜಿಯಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸುವುದೇ ಅವರ ಇಪ್ಪತ್ತೆರಡು ವರ್ಷದ ಸರ್ವೀಸು. ಮನೆಯಲ್ಲಿ ಮಾತ್ರ ಅಮ್ಮ ಹೇಳಿದ್ದಕ್ಕೆ ತಕರಾರಿಲ್ಲ. ಈ ಎರಡು ಗುಣಗಳ ನಡುವೆ ಸಿಕ್ಕಿ ನಮ್ಮ ನಾಯಿ ಜಿಮ್ಮಿ ಬೀದಿಪಾಲಾಗುವುದರಲ್ಲಿತ್ತು.

ಅರವತ್ತಮೂರನೇ ಇಸವಿಯಲ್ಲಿ ಅವರಿಗೆ ಪೂನಾಕ್ಕೆ ವರ್ಗವಾಯಿತು. ಜಯನಗರದ ಬಾಡಿಗೆ ಮನೆ ಖಾಲಿ ಮಾಡಬೇಕು. ನಾಯಿಯನ್ನು ಇಟ್ಟುಕೊಳ್ಳುವವರು ಯಾರೂ ಇಲ್ಲ. ಬಿಟ್ಟು ಹೋದರೆ ಕಾರ್ಪೊರೇಷನ್ನಿನ ನಾಯಿ ಹಿಡಿಯುವ ಗಾಡಿಯೇ ಗತಿ. ಮಕ್ಕಳಿಲ್ಲದ ಮನೆಯಲ್ಲಿ ಎಂಟು ವರ್ಷ ಬೆಳೆದ ಜೀವ ಅದು. ರೈಲಿನ ಗಾರ್ಡ್ ಡಬ್ಬಿಯಲ್ಲಿ ನಾಯಿಗೆಂದು ಗೂಡು ಇರುತ್ತದಂತೆ. ಆದರೆ ಪಶುವೈದ್ಯರ ಸರ್ಟಿಫಿಕೇಟು ಇಲ್ಲದೆ ಹತ್ತಿಸುವುದಿಲ್ಲವಂತೆ.

ಟಿಕೆಟ್ಟು ಸಿಕ್ಕಿದ್ದು ಬುಧವಾರಕ್ಕೆ. ಅತ್ತೆ ಸರಸ್ವತಮ್ಮನವರು ಪಂಚಾಂಗ ತೆಗೆದರು.

"ಬುಧವಾರ ಉತ್ತರಕ್ಕೆ ಶೂಲೆ ಕಣೋ ಬದರಿ, ಆ ದಿಕ್ಕಿಗೆ ಹೊರಡಬಾರ್ದು. ಶುಕ್ರವಾರವೇ ಪ್ರಸ್ಥಾನ ಇಟ್ಬಿಡೋಣ."

ಪ್ರಸ್ಥಾನವೆಂದರೆ ಇಷ್ಟೇ: ಒಳ್ಳೆಯ ದಿನ ಒಂದು ಗಂಟನ್ನೋ ಛತ್ರಿಯನ್ನೋ ಪಕ್ಕದ ಮನೆಯಲ್ಲಿಟ್ಟು ಬರುವುದು. ಶಾಸ್ತ್ರದ ಲೆಕ್ಕದಲ್ಲಿ ನಾವು ಅಂದೇ ಹೊರಟೆವು. ಆಮೇಲೆ ಮನೆಯಲ್ಲೇ ಇದ್ದು ಬುಧವಾರ ರೈಲು ಹತ್ತಿದರೂ ದೋಷವಿಲ್ಲ. ಹಾಗೆ ಶುಕ್ರವಾರ ಬೆಳಿಗ್ಗೆ ನಮ್ಮ ಛತ್ರಿ ಪಕ್ಕದ ನೀಲಗಂಗಮ್ಮನವರ ಜಗಲಿಗೆ ಪ್ರಯಾಣ ಬೆಳೆಸಿತು. ರಾಹುಕಾಲ ಬರುವ ಮುಂಚೆಯೇ ನಾವು ಜಟಕಾದಲ್ಲಿ ನಾಯಿಯನ್ನು ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆವು.

ಡಾಕ್ಟರ್ ರೇವಣಸಿದ್ದಪ್ಪನವರ ಹತ್ತಿರ ಇದ್ದದ್ದು ದನಗಳಿಗೆ ಅಚ್ಚುಹಾಕಿಸಿದ ಫಾರಂ ಒಂದೇ. ಅವರು ನಾಯಿಯ ನಾಲಿಗೆ ನೋಡಿ ಸಹಿ ಹಾಕಲು ಹೋದರು. ನಮ್ಮವರು ಬಿಡಬೇಕಲ್ಲ!

"ಯಾವ ಕಾಲಮ್ಮೂ ಖಾಲಿ ಇರ್ಬಾರ್ದು ಡಾಕ್ಟ್ರೇ."

ಸರಿ, ಕೊಂಬು: ಇಲ್ಲ. ಎಷ್ಟನೇ ಸೂಲು: ಗಂಡು. ದಿನಕ್ಕೆ ಹಾಲು: ಅರ್ಧ ಸೇರು, ಕುಡಿಯುತ್ತದೆ.

"ಹೊರಡೋ ದಿನ?" ಎಂದರು ಡಾಕ್ಟರು.

ಅತ್ತೆ ಬೆಳಿಗ್ಗೆಯೇ ಎಚ್ಚರಿಸಿದ್ದರು: ಕೈಯಾರೆ ಬುಧವಾರ ಅಂತ ಬರೆಸಿದರೆ ಪ್ರಸ್ಥಾನ ಕೆಟ್ಟುಹೋಗುತ್ತದೆ ಎಂದು. ನಮ್ಮವರು "ಇವತ್ತೇ" ಎಂದರು.

ಬುಧವಾರ ಸಂಜೆ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ ತಿಮ್ಮರಾಯಪ್ಪ ಆ ಕಾಗದವನ್ನು ಎರಡು ಸಲ ಓದಿದ. ರೈಲಿಗೆ ಇಪ್ಪತ್ತು ನಿಮಿಷವಿತ್ತು.

"ಸಾರ್, ಇದ್ರ ಪ್ರಕಾರ ನಾಯಿ ಶುಕ್ರವಾರವೇ ಹೋಗಿದೆ."

"ಹೋಗಿಲ್ಲಪ್ಪ, ಇಲ್ಲೇ ಇದೆಯಲ್ಲ."

"ಇದು ಬೇರೆ ನಾಯಿ ಇರ್ಬೋದು. ಇದಕ್ಕೆ ಬೇರೆ ಸರ್ಟಿಫಿಕೇಟ್ ತನ್ನಿ."

ಅತ್ತೆ ಮುಂದೆ ಬಂದು ಪ್ರಸ್ಥಾನದ ಮಹಿಮೆ ವಿವರಿಸಿದರು. ತಿಮ್ಮರಾಯಪ್ಪ ಭಕ್ತಿಯಿಂದಲೇ ಕೇಳಿದ.

"ನಮ್ಮನೇಲೂ ಇಡ್ತೀವಿ ಅಮ್ಮ. ರೈಲ್ವೇಲಿ ಮಾತ್ರ ಇಡೋ ಹಾಗಿಲ್ಲ."

ನಾನು ನಮ್ಮವರ ಕಡೆ ನೋಡಿದೆ. ಜಗಳವಾಡುತ್ತಾರೆ ಎಂದುಕೊಂಡರೆ, ಪುಣ್ಯಾತ್ಮರು ಮೆಚ್ಚಿ ತಲೆಯಾಡಿಸುತ್ತಿದ್ದರು!

"ಅವರು ಹೇಳೋದು ಸರಿ ವಿಮಲಾ. ನಾನಾಗಿದ್ರೂ ವಾಪಸ್ ಕಳಿಸ್ತಿದ್ದೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನೀವು ಹತ್ತಿ. ನಾನು ಇದ್ರ ಜೊತೆ ಇಲ್ಲೇ ಪ್ಲಾಟ್‌ಫಾರ್ಮ್ ಮೇಲೆ ಬಿದ್ದಿರ್ತೀನಿ" ಎಂದು ಜಿಮ್ಮಿಯ ಸರಪಳಿ ಕೈಗೆ ಸುತ್ತಿಕೊಂಡು ನೆಲದ ಮೇಲೆ ಕುಳಿತೆ. ಅಳು ಬಂತು, ಅತ್ತುಬಿಟ್ಟೆ. ಜಿಮ್ಮಿ ನನ್ನನ್ನು ಬಿಟ್ಟು ನಮ್ಮವರ ಪಾದದ ಮೇಲೆ ಗದ್ದವಿಟ್ಟು ಮಲಗಿತು.

ಅವರು ಬಗ್ಗಿ ಅದರ ತಲೆ ಸವರಿದರು. ಗಾರ್ಡ್ ಸೀಟಿ ಒರೆಸಿಕೊಳ್ಳುತ್ತಿದ್ದ. ನಮ್ಮವರು ಜೇಬಿನಿಂದ ಪೆನ್ನು ತೆಗೆದು, ಗುಮಾಸ್ತನ ಮೇಜಿನ ಮೇಲೇ, ಡಾಕ್ಟರು ಬರೆದಿದ್ದ ತಾರೀಕನ್ನು ಹೊಡೆದುಹಾಕಿ ಬುಧವಾರದ ತಾರೀಕು ಬರೆದರು.

ತಿಮ್ಮರಾಯಪ್ಪ ಕಾಗದವನ್ನು ಬೆಳಕಿಗೆ ಹಿಡಿದ. ಪೊಲೀಸರನ್ನೇ ಕರೆಯುತ್ತಾನೇನೋ ಅಂದುಕೊಂಡೆ.

"ತಿದ್ದುಪಡಿಗೆ ದೃಢೀಕರಣ ಬೇಕಲ್ಲ ಸಾರ್."

"ಯಾರದ್ದು?"

"ಯಾರಾದ್ರೂ ಗೆಜೆಟೆಡ್ ಆಫೀಸರ್ದು."

ನಮ್ಮವರು ತಮ್ಮದೇ ಕಳ್ಳತಿದ್ದುಪಡಿಯ ಪಕ್ಕದಲ್ಲಿ ಪೂರ್ತಿ ಸಹಿ ಮಾಡಿ, ಕೆಳಗೆ ಹುದ್ದೆಯನ್ನೂ ಬರೆದರು. ತಿಮ್ಮರಾಯಪ್ಪ ಎದ್ದು ನಿಂತು ನಮಸ್ಕಾರ ಮಾಡಿ, ಠಪ್ಪೆಂದು ಮುದ್ರೆ ಒತ್ತಿದ. "ಇಷ್ಟೇ ಸಾರ್ ಬೇಕಿದ್ದಿದ್ದು."

ರೈಲು ಯಶವಂತಪುರ ದಾಟಿದ ಮೇಲೆ ಅವರು ಬಾಯಿ ಬಿಟ್ಟರು. "ಸುಳ್ಳಿಗೆ ಸಹಿ ಹಾಕ್ಬಿಟ್ಟೆ ಕಣೇ."

"ಹಾಕಿದ್ರಿ. ನಿಮ್ಮ ಸಹಿಯಿಂದ ಒಂದು ಜೀವಕ್ಕೆ ಉಪಕಾರ ಆಗಿದ್ದು ಇವತ್ತೇ ಮೊದಲು" ಎಂದೆ.

ಪೂನಾದವರೆಗೂ ನನ್ನ ಜೊತೆ ಮಾತು ಬಿಟ್ಟರು. ಆದರೆ ಗಾಡಿ ನಿಂತಲ್ಲೆಲ್ಲ ಚೊಂಬು ಹಿಡಿದು ಇಳಿದು, ಪಂಚೆ ಎತ್ತಿಕೊಂಡು ಗಾರ್ಡ್ ಡಬ್ಬಿಯ ಕಡೆ ಓಡುತ್ತಿದ್ದರು.