ಏನು ಕೇಳಿದರೂ ಹೂಂರೀ

ಗದ್ದೆಮ್ಮನ ಮಗ ಅಂಬಪ್ಪನಿಗೆ ಇಪ್ಪತ್ತಾರು ತುಂಬಿದ್ದರೂ ಇನ್ನೂ ಒಂದು ಕೆಲಸದಲ್ಲಿ ನಿಂತವನಲ್ಲ. ಸೋಮಾರಿಯೇ? ಅಲ್ಲವೇ ಅಲ್ಲ, ಹಾಗಂದವರ ನಾಲಿಗೆಗೆ ಹುಳ ಬೀಳಲಿ. ಕೊಟ್ಟ ಕೆಲಸ ಮುಗಿಯುವ ತನಕ ಊಟ ಕೂಡ ಕೇಳದವನು. ಆದರೆ ಹತ್ತಿರ ಜೋರು ಸದ್ದಾಗಬಾರದು, ನಾಲ್ಕು ಜನ ಒಮ್ಮೆಲೇ ಮಾತಾಡಬಾರದು, ಹಿಂದಿನಿಂದ ಬಂದು ಯಾರೂ ಹೆಗಲು ಮುಟ್ಟಬಾರದು. ಇಂಥ ಕೆಲಸ ಸಿಂಧನೂರಿನಲ್ಲಿ ಯಾರು ಕಟ್ಟಿಟ್ಟುಕೊಂಡು ಕೂತಿರುತ್ತಾರೆ?

ಮೊದಲು ಮಸ್ಕಿಗೆ ಕಳಿಸಿದಳು, ತನ್ನ ತಮ್ಮನ ಹಿಟ್ಟಿನ ಗಿರಣಿಗೆ. ಬೆಲ್ಟು ಪಟಪಟ ಬಡಿಯತೊಡಗಿದ ಕೂಡಲೇ ಅಂಬಪ್ಪ ಎರಡೂ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಕ್ಕರಿಸಿದ. ಯಾರದೋ ಜೋಳದ ಡಬ್ಬಿ ಉರುಳಿದರೂ ಏಳಲಿಲ್ಲ. "ಅಕ್ಕಾ, ಇವನ್ನ ಯಾವುದಾರ ಗುಡಿಯಾಗ ಬಿಡು, ಗಿರಣ್ಯಾಗಲ್ಲ" ಎಂದು ತಮ್ಮನೇ ತಂದು ಬಿಟ್ಟುಹೋದ. ಆಮೇಲೆ ಲಿಂಗಸುಗೂರಿನ ಒಂದು ಚಹಾದಂಗಡಿ. ಲೋಟ ತೊಳೆಯುವುದೇನೋ ಚೆನ್ನಾಗಿಯೇ ತೊಳೆದ. ಗಿರಾಕಿಗಳು ಏನಾದರೂ ಕೇಳಿದರೆ ಮಾತ್ರ ಗೋಡೆ ನೋಡುತ್ತ ನಿಲ್ಲುವನು. "ಕೇಳಿದ್ದಕ್ಕ ಬಾಯಿ ಬಿಡಂಗಿಲ್ಲ, ಎಷ್ಟು ಸೊಕ್ಕಲೇ ನಿನಗ!" ಎಂದು ಅಂಗಡಿಯವನು ಕೆನ್ನೆಗೆ ಬಾರಿಸಿದ. ಅಂಬಪ್ಪ ತೊಳೆಯುತ್ತಿದ್ದ ಲೋಟ ಕೆಳಗಿಟ್ಟು, ರಸ್ತೆ ಹಿಡಿದು, ಸಿಂಧನೂರಿನ ತನಕ ನಡೆದೇ ಬಂದ. ಅವನ ಅಂಗಾಲು ನೋಡಿದ ಗದ್ದೆಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ನಮ್ಮ ಕಡೆ ಇದೊಂದು ಪೀಡೆ ನೋಡಿ. ದೊಡ್ಡವರು ಕೇಳಿದಾಗ ಸುಮ್ಮನಿದ್ದರೆ ಸೊಕ್ಕು. ತಲೆ ತಗ್ಗಿಸಿ 'ಹೂಂರೀ' ಅಂದರೆ ಬಂಗಾರದಂಥ ಮನುಷ್ಯ. ಒಳಗೆ ಏನು ಉರಿಯುತ್ತಿದೆ ಎಂದು ಯಾರಪ್ಪ ಬಗ್ಗಿ ನೋಡುತ್ತಾನೆ? ಗದ್ದೆಮ್ಮ ನಾಟಿ ಹಚ್ಚಿ ಬದುಕಿದವಳು, ದಢೇಸುಗೂರಿನ ಕಡೆಯ ಗದ್ದೆಗಳಲ್ಲಿ ಧಣಿಗಳಿಗೆ ಹೂಂರೀ ಅಂದೇ ಸೊಂಟ ಬಗ್ಗಿಸಿದವಳು. ಮಗನಿಗೂ ಅದನ್ನೇ ಕೊಟ್ಟರೆ ಬದುಕಿಕೊಂಡಾನು ಅನ್ನಿಸಿತು.

"ನೋಡ ಯಪ್ಪಾ, ಯಾರ ಏನರ ಕೇಳ್ಲಿ, ಹೂಂರೀ ಅನ್ನು. ಅಷ್ಟ ಸಾಕು. ಯಾರೂ ಹೊಡೆಯಂಗಿಲ್ಲ."

ರೊಟ್ಟಿ ತಟ್ಟುತ್ತ ಕೇಳುವಳು: "ಊಟ ಆತೇನಪ್ಪಾ?" "ಹೂಂರೀ." "ಊರಿಗೆ ಹೋಗಿದ್ದೇನು?" "ಹೂಂರೀ." ಬಾಯಿ ತೆರೆಯದ ಮಗ ಬಾಯಿ ತೆರೆದನಲ್ಲ ಎಂದು ಹಿಗ್ಗಿ, ಅವನ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕುವಳು. ಕೇಳಿದ್ದು ಅವನಿಗೆ ತಿಳಿದಿದೆಯೋ ಇಲ್ಲವೋ ಎಂದು ಆಕೆ ಒಂದು ದಿನವೂ ಒರೆಗೆ ಹಚ್ಚಿ ನೋಡಲಿಲ್ಲ.

ಆ ವರ್ಷವೇ ಮಲೀಕಸಾಬ ದೇವರಂತೆ ಬಂದ. ಗಂಗಾವತಿ ರಸ್ತೆಯ ಅಕ್ಕಿಗಿರಣಿಯೊಂದರಲ್ಲಿ ಮೇಸ್ತ್ರಿ ಅವನು. ಕುದಿಸಿದ ನೆಲ್ಲನ್ನು ಗಿರಣಿಯ ಹಿಂದಿನ ಸಿಮೆಂಟ್ ಕಣದಲ್ಲಿ ಹರವುತ್ತಾರಲ್ಲ, ಅದು ಒಂದೇ ಸಮ ಒಣಗಲು ದಿನವಿಡೀ ಯಾರಾದರೂ ಅದರೊಳಗೆ ಕಾಲೆಳೆಯುತ್ತ ನಡೆಯಬೇಕು. ಬಿಸಿಲು, ಬೇಸರ, ಅಂಗಾಲು ಸುಡುವ ಕೆಲಸ. ಯಾರೂ ತಿಂಗಳು ನಿಲ್ಲುತ್ತಿರಲಿಲ್ಲ.

"ಮಾತಿಲ್ಲ ಕತಿಯಿಲ್ಲ, ಸುಮ್ಮನ ನಡಿಯೂದು. ನಿನ್ನ ಮಗಗ ಆಗತೈತಿ ಬೇ" ಅಂದ ಮಲೀಕಸಾಬ. "ಧಣ್ಯಾರಿಗೆ ನಾ ಜಾಮೀನಾಗ್ತೀನಿ."

ಆಗತೈತಿ ಏನು, ಆ ಕೆಲಸ ಅಂಬಪ್ಪನಿಗಾಗಿಯೇ ಹುಟ್ಟಿದಂತಿತ್ತು! ಬೆಳಿಗ್ಗೆ ತೊಟ್ಟಿಯ ನೀರಿನಲ್ಲಿ ಕಾಲು ತೊಳೆದು ಕಣಕ್ಕಿಳಿಯುವನು. ಅನ್ನವನ್ನು ತೊಳೆಯದ ಕಾಲಲ್ಲಿ ತುಳಿಯಬಾರದು, ಅದು ಕಣದ ಕಟ್ಟಳೆ. ಈ ತುದಿಯಿಂದ ಆ ತುದಿಗೆ ಒಂದು ಸಾಲು, ತಿರುಗಿ ಅದರ ಪಕ್ಕದಲ್ಲೇ ಇನ್ನೊಂದು. ಬಾಚಿದ ತಲೆಯಂತೆ ಕಾಣುತ್ತಿತ್ತು ಕಣ. ಗಿರಣಿಯ ಸದ್ದು ಅಲ್ಲಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಬುತ್ತಿ ಕೊಡಲು ಬಂದ ಗದ್ದೆಮ್ಮ ಗೋಡೆಯ ಮರೆಯಲ್ಲಿ ನಿಂತು ಕೇಳಿಸಿಕೊಂಡಳು: ಮಗ ಗುನುಗುತ್ತಿದ್ದ. ತೊಟ್ಟಿಲು ಬಿಟ್ಟ ಮೇಲೆ ಅವನು ಗುನುಗಿದ್ದನ್ನು ಆಕೆ ಕೇಳಿರಲಿಲ್ಲ. ಈ ಕೆಲಸವೊಂದು ಉಳಿಯಲಿ, ನನ್ನ ಆಯುಷ್ಯ ಬೇಕಾದರೆ ತಗೋ ಎಂದು ಕಂಡ ದೇವರಿಗೆಲ್ಲ ಕೈಮುಗಿದಳು.

ಚೀಲ ಹೊರುವ ಹಮಾಲರು ಸುಮ್ಮನಿರುತ್ತಾರೆಯೇ? "ಏ ಅಂಬ್ಯಾ, ನಿನಗ ಮೂರು ಹೆಂಡ್ರಂತ, ಖರೇನಾ?" "ಹೂಂರೀ." "ನೀ ಅಗಸರ ಕತ್ತಿ ಏನಲೇ?" "ಹೂಂರೀ." ಹೊಟ್ಟೆ ಹಿಡಿದುಕೊಂಡು ನಗುವರು. ಗದ್ದೆಮ್ಮ ಬುತ್ತಿ ಹಿಡಿದು ಬಂದಾಗ ಅದನ್ನೆಲ್ಲ ಕೇಳುವಳು. ನಕ್ಕರೆ ನಗಲಿ, ಹೊಡೆಯುವುದಿಲ್ಲವಲ್ಲ ಎಂದು ಬುತ್ತಿಯ ಗಂಟು ಬಿಚ್ಚುತ್ತ ಕೂರುವಳು. ಆಗಲಾದರೂ ಎಚ್ಚರಾಗಬೇಕಿತ್ತು ಆಕೆಗೆ. ಆಗಲಿಲ್ಲ.

ಬೇಸಿಗೆಯ ಅಮವಾಸ್ಯೆ ಬಂತು. ಅಮವಾಸ್ಯೆಯ ದಿನ ನಮ್ಮಲ್ಲಿ ಹಮಾಲರು ಚೀಲ ಮುಟ್ಟುವುದಿಲ್ಲ, ಕೂಲಿ ಹೆಣ್ಣುಮಕ್ಕಳೂ ಬರುವುದಿಲ್ಲ. ಹಿಂದಿನ ದಿನ ಕುದಿಸಿದ ನೆಲ್ಲು ಮಾತ್ರ ಕಣದಲ್ಲಿ ಹರವಿಯಾಗಿತ್ತು. ಅದಕ್ಕೆ ಅಂಬಪ್ಪ ಒಬ್ಬನೇ. ಮಲೀಕಸಾಬ ಒಳಗೆ ರಿಪೇರಿಯವನ ಜೊತೆ ಯಂತ್ರ ಬಿಚ್ಚಿಸುತ್ತ ಕೂತಿದ್ದ.

ಮಧ್ಯಾಹ್ನ ಮೋಡ ಕವಿಯಿತು. ಮನೆಯಲ್ಲಿದ್ದ ಗದ್ದೆಮ್ಮ ಸೆರಗು ಸಿಕ್ಕಿಸಿಕೊಂಡು ಗಿರಣಿಗೆ ಓಡಿದಳು. ದಾರಿಯಲ್ಲೇ ಮಳೆ ಹಿಡಿಯಿತು, ಕಲ್ಲೆಸೆದಂಥ ಹನಿ. ಹಿಂದಿನ ಗೇಟು ದೂಡಿದಳು. ಕಣವೆಲ್ಲ ನೀರು. ನೆಲ್ಲು ನೀರಿನೊಡನೆ ಮೋರಿಯ ಕಡೆಗೆ ಹರಿಯುತ್ತಿತ್ತು. ಅದರ ನಡುವೆ ಅಂಬಪ್ಪ ಕಾಲೆಳೆಯುತ್ತ ನಡೆದೇ ಇದ್ದ, ಈ ತುದಿಯಿಂದ ಆ ತುದಿಗೆ.

"ಅಯ್ಯೋ ಯಪ್ಪಾ, ತಾಡಪತ್ರಿ! ತಾಡಪತ್ರಿ ಹೊಚ್ಚಲಿಲ್ಲೇನೋ!" ಎಂದು ಚೀರಿದಳು. ಗೋಡೆಗೆ ಸುತ್ತಿಟ್ಟಿದ್ದ ಆ ದಪ್ಪ ಹೊದಿಕೆಯನ್ನು ಒಬ್ಬಳೇ ಎಳೆಯಹೋಗಿ ಜಾರಿ ಬಿದ್ದಳು. ಚೀರಾಟ ಕೇಳಿ ಓಡಿಬಂದ ಮಲೀಕಸಾಬ ಎಣ್ಣೆ ಮೆತ್ತಿದ ಕೈಯನ್ನು ತಲೆಯ ಮೇಲಿಟ್ಟುಕೊಂಡ.

"ನೀರು ಕುಡಿಯಾಕ ಒಳಗ ಬಂದಾಗ ಕೇಳಿನಲ್ಲಲೇ! ಮೋಡ ಆಗೇತಿ, ಗುಂಪಿ ಹಾಕಿ ತಾಡಪತ್ರಿ ಹೊಚ್ಚಿದೇನೋ ಅಂತ ಕೇಳಿದೆ. ಹೂಂರೀ ಅಂದಿ! ಅಂದಿಲ್ಲೇನು?"

"ಹೂಂರೀ" ಅಂದ ಅಂಬಪ್ಪ.

"ಮತ್ತ ಹೊಚ್ಚೀಯೇನು?"

"ಹೂಂರೀ."

ಮಲೀಕಸಾಬ ಕೈ ಎತ್ತಿದ, ಆಮೇಲೆ ಅಲ್ಲಿಯೇ ನೀರಿನಲ್ಲಿ ಕೂತುಬಿಟ್ಟ. "ಜಾಮೀನು ನಿಂತೋನು ನಾನು" ಎಂದಷ್ಟೇ ಅಂದ. ಗದ್ದೆಮ್ಮ ಬಿದ್ದಲ್ಲಿಂದಲೇ ಮಗನನ್ನು ನೋಡಿದಳು. ನೆಲ್ಲು ಗುಂಪಿ ಹಾಕು, ರಾಶಿ ಮಾಡಿ ಮುಚ್ಚು ಅಂದಿದ್ದರೆ ಮಾಡುತ್ತಿದ್ದ ಮಗ. ಕೇಳಿದರು, ಕೇಳಿದ್ದಕ್ಕೆ ಅವ್ವ ಕಲಿಸಿದ್ದನ್ನು ಅಂದ. ಅವನ ತಪ್ಪಾದರೂ ಏನು?

ಮರುದಿನ ಧಣಿ ಬಂದ. ಆಂಧ್ರದಿಂದ ವಲಸೆ ಬಂದ ರೈತರ ಕ್ಯಾಂಪಿನಲ್ಲಿ ನೆಲೆ ನಿಂತವನು, ಕೆಟ್ಟವನಲ್ಲ. ಕಪ್ಪಿಟ್ಟು ನಾರುವ ನೆಲ್ಲನ್ನು ಮುಷ್ಟಿಯಲ್ಲಿ ಹಿಡಿದು ಅಂಬಪ್ಪನ ಮುಂದೆ ನಿಂತ.

"ಕುಡಿದಿದ್ದೆಯಾ?"

"ಹೂಂರೀ."

"ಬೇಕಂತಲೇ ನೆನೆಸಿದೆಯಾ?"

"ಹೂಂರೀ."

ಗದ್ದೆಮ್ಮ ಅಡ್ಡ ಬಿದ್ದಳು. "ಧಣ್ಯಾರ, ಇಲ್ರೀ! ನನ ಮಗ ಹೆಂಡದ ವಾಸನಿ ಸೈತ ಕಂಡಿಲ್ರೀ! ಅವಗ ಕೇಳಿದ್ದು ತಿಳಿಯಂಗಿಲ್ರೀ. ಏನ ಕೇಳಿದ್ರೂ ಹೂಂ ಅನ್ನಂತ ನಾನ ಕಲಿಸೀನ್ರೀ. ಬಾಯಿ ಬಿಡಲಿಲ್ಲಂತ ಹೊಡಿತಿದ್ರು, ಅದಕ್ಕ ಕಲಿಸಿದೆ. ನನ್ನ ಹೊಡೀರಿ, ಅವನ್ನ ಬಿಡಿಸಬ್ಯಾಡ್ರಿ!"

ಧಣಿ ಮುಷ್ಟಿಯ ನೆಲ್ಲನ್ನು ಕೆಳಗೆ ಚೆಲ್ಲಿದ. ಸಿಟ್ಟು ಇಳಿದಿತ್ತು. ಇಳಿಯದಿದ್ದರೇ ಚೆನ್ನಾಗಿತ್ತು.

"ಚೂಡಮ್ಮಾ, ನೋಡು, ಕುಡಿದು ಮಲಗಿದ್ದ ಅಂದಿದ್ದರೆ ನಾಲ್ಕು ಬೈದು ಇಟ್ಟುಕೊಳ್ತಿದ್ದೆ. ಕೇಳಿದ್ದೇ ತಿಳಿಯಲ್ಲ ಅಂತೀಯ. ಇಲ್ಲಿ ಬಾಯ್ಲರ್ ಐತೆ, ಹಬೆ ಐತೆ. ನಾಳೆ 'ಅಲ್ಲಿ ಯಾರೂ ಇಲ್ವಾ, ಹಬೆ ಬಿಡಲಾ' ಅಂತ ಕೂಗ್ತಾರೆ, ಇವನು ಹೂಂರೀ ಅಂತಾನೆ. ಯಾವ ತಾಯಿಗೆ ನಾನು ಉತ್ತರ ಹೇಳಲಿ?"

ಮಲೀಕಸಾಬ ನೆಲ ನೋಡಿದ. ಗದ್ದೆಮ್ಮ ಎದ್ದು ಸೆರಗಿನ ಮಣ್ಣು ಕೊಡವಿಕೊಂಡಳು. ಸುಳ್ಳು ಹೇಳಿದ್ದರೆ ಮಗನ ಕೆಲಸ ಉಳಿಯುತ್ತಿತ್ತು. ಮಗನ ಮರ್ಯಾದೆ ಉಳಿಸಲು ಹೋಗಿ ಅವನ ಅನ್ನವನ್ನು ತಾನೇ ಕಸಿದಿದ್ದಳು.

ಆ ಸಂಜೆ ಮಗನನ್ನು ಮುಂದೆ ಕೂರಿಸಿಕೊಂಡಳು. "ಯಪ್ಪಾ, ಇನ್ನ ಮ್ಯಾಲೆ ಎಲ್ಲಾದಕ್ಕೂ ಹೂಂ ಅನಬ್ಯಾಡ. ತಿಳಿಲಿಲ್ಲ ಅಂದ್ರ ತಿಳಿಲಿಲ್ಲ ಅನ್ನು. ಅಂತೀಯಲ್ಲ?"

"ಹೂಂರೀ."

ಹೆತ್ತ ತಾಯಿಗೂ ರೀ ಹಚ್ಚಿ ಆಡುವ ಮಗ. ತಲೆ ತಲೆ ಚಚ್ಚಿಕೊಂಡು ಅತ್ತಳು. ಅಂಬಪ್ಪ ಗೋಡೆ ನೋಡುತ್ತ ಕೂತ.

ಬೆಳಿಗ್ಗೆ ಗದ್ದೆಮ್ಮ ಎದ್ದಾಗ ಅವನು ಹೊಸ್ತಿಲ ಬಳಿ ನಿಂತಿದ್ದ. ಎರಡೂ ಕಾಲು ತೊಳೆದಿದ್ದ, ಬೆರಳ ಸಂದಿ ಬಿಡದೆ ಉಜ್ಜಿದ್ದ. ಬೆಳಗಿನ ರೊಟ್ಟಿಗಾಗಿ ಕೈ ಚಾಚಿದ.

"ಕೆಲಸ ಇಲ್ಲ ಯಪ್ಪಾ. ಇವತ್ತೂ ಇಲ್ಲ, ನಾಳಿನೂ ಇಲ್ಲ. ಕಣಕ್ಕ ಹೋಗಬಾರದು. ತಿಳೀತೇನು?"

"ಹೂಂರೀ" ಅಂದು ಅಂಬಪ್ಪ ಬರಿಗೈಯಲ್ಲೇ ಗಿರಣಿಯ ದಾರಿ ಹಿಡಿದ. ಕೂಗಿ ನಿಲ್ಲಿಸೋಣವೆಂದು ಗದ್ದೆಮ್ಮ ಬಾಗಿಲಿಗೆ ಬಂದಳು. ಏನೆಂದು ಕೂಗುವುದು? ಅವನ ಒದ್ದೆ ಹೆಜ್ಜೆಗಳು ಅಂಗಳದ ಮಣ್ಣಿನಲ್ಲಿ ನೆಟ್ಟಗೆ ಸಾಲು ಬಿದ್ದಿದ್ದವು. ಒಲೆ ಹಚ್ಚಿ, ಕಣಕ್ಕೆ ಒಯ್ಯಲು ಬುತ್ತಿಯ ರೊಟ್ಟಿ ತಟ್ಟತೊಡಗಿದಳು.